ಬೇವಿನೆಣ್ಣೆಯ ಚಕ್ಕುಬಂದಿ

(ಬಾನುಲಿ ಭಾಷಣ)

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ನಂಜನಗೂಡು, ಬೇಗೂರುಗಳನ್ನು ದಾಟಿ ಗುಂಡ್ಲುಪೇಟೆಯನ್ನು ಸಮೀಪಿಸುವ ಪ್ರಯಾಣಿಕರಿಗೆ ಇಕ್ಕೆಲಗಳಲ್ಲಿ ಅರಿಸಿನದ ಹೊಲಗಳೂ ಚೆಂಡುಹೂವಿನ ಹೊಲಗಳೂ ಕಾಣಸಿಗುತ್ತವೆ. ಆ ಹೊಲಗಳ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬೇವಿನ ಮರ ನಿಂತಿರುತ್ತದೆ. ಅದನ್ನು ನೆಟ್ಟವರು ಯಾರೆಂದು ಕೇಳಿದರೆ ಹೊಲದ ಒಡೆಯನಿಗೂ ತಿಳಿದಿರುವುದಿಲ್ಲ. ತಾತನ ಕಾಲದಿಂದ ಇದೆ ಎಂದಷ್ಟೇ ಹೇಳುತ್ತಾನೆ. ಹೀಗೆ ಯಾರೂ ನೆಟ್ಟದ್ದೆಂದು ಹೇಳಿಕೊಳ್ಳದ ಈ ಮರದ ಎಣ್ಣೆಯನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಬಳಸುವ ಹಕ್ಕು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ಯೂರೋಪಿನ ಪೇಟೆಂಟು ಕಚೇರಿಯಲ್ಲಿ ಸುಮಾರು ಹತ್ತು ವರ್ಷ ವಿಚಾರಣೆಯಲ್ಲಿತ್ತು. 2005ನೆಯ ಇಸವಿ ಮಾರ್ಚ್ 8ರಂದು ಅದು ಮೇಲ್ಮನವಿಯಲ್ಲಿ ಕೊನೆಗಂಡಿತು. ಆ ವ್ಯಾಜ್ಯದ ಕಥೆಯನ್ನು, ಅದು ಕನ್ನಡದ ಮೇಷ್ಟರೊಬ್ಬನಿಗೆ ಕಲಿಸಿದ ಪಾಠವನ್ನು, ಈ ಹೊತ್ತು ತಮ್ಮ ಮುಂದಿಡಲು ಬಯಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಅದು ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಬಾಲ್ಯದಲ್ಲಿ ಬೇವು ಯುಗಾದಿಯ ದಿನದ ಬೆಲ್ಲದ ಜತೆಗಾರನಷ್ಟೇ ಆಗಿರಲಿಲ್ಲ. ಮಕ್ಕಳಿಗೆ ಅಮ್ಮ ಬಂದರೆ ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದರು. ಅವರೆ, ಹುರುಳಿಗಳನ್ನು ತುಂಬಿಡುವ ಗುಡಾಣಗಳಲ್ಲಿ ಒಣಗಿದ ಬೇವಿನೆಲೆಯನ್ನು ಪದರ ಪದರವಾಗಿ ಹಾಕುತ್ತಿದ್ದರು. ದನದ ಗಾಯಕ್ಕೆ ಹುಳು ಬಿದ್ದರೆ ಬೇವಿನೆಣ್ಣೆ. ಬೆಳೆಯ ಬುಡಕ್ಕೆ ಬೇವಿನ ಹಿಂಡಿ. ಇದನ್ನೆಲ್ಲ ಯಾರೂ ವಿದ್ಯೆ ಎಂದು ಕರೆಯುತ್ತಿರಲಿಲ್ಲ. ನೀರು ಸೇದುವುದನ್ನು, ಒಲೆ ಹೊತ್ತಿಸುವುದನ್ನು ಯಾರಾದರೂ ವಿದ್ಯೆ ಎನ್ನುತ್ತಾರೆಯೆ?

ವಿಜ್ಞಾನಿಗಳು ಈ ಮರದ ಕಡೆಗೆ ಕಣ್ಣು ಹಾಯಿಸಿದ್ದೂ ಇತ್ತೀಚಿನ ಸಂಗತಿಯಲ್ಲ. ಸಲೀಮುಜ್ಜಮಾನ್ ಸಿದ್ದಿಕಿಯವರು ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ಪದಾರ್ಥಗಳನ್ನು ಬೇರ್ಪಡಿಸಿ ತೋರಿಸಿದ್ದು 1942ರಲ್ಲಿ. 1962ರಲ್ಲಿ ಮಿಡತೆಗಳ ದಂಡು ದೆಹಲಿಯ ಮೇಲೆರಗಿದಾಗ, ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಅವರು ಬೇವಿನ ಬೀಜದ ತಿರುಳನ್ನು ಅರೆದು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರು. ಮಿಡತೆಗಳು ಆ ಬೆಳೆಯನ್ನು ಮುಟ್ಟಲಿಲ್ಲ. ಕೀಟಗಳನ್ನು ಹೀಗೆ ದೂರವಿಡುವ ಮುಖ್ಯ ಅಂಶಕ್ಕೆ ಅಜಡಿರಾಕ್ಟಿನ್ ಎಂದು ಹೆಸರು. ಆದರೆ ಬೇವಿನೆಣ್ಣೆಗೆ ಇನ್ನೊಂದು ಗುಣವೂ ಉಂಟು. ಎಲೆಯ ಮೇಲೆ ತೆಳುವಾದ ಪೊರೆಯಂತೆ ಹರಡಿಕೊಂಡು, ಬೂದಿರೋಗ, ತುಕ್ಕುರೋಗಗಳನ್ನು ತರುವ ಶಿಲೀಂಧ್ರಗಳು ಅಲ್ಲಿ ಬೇರೂರದಂತೆ ತಡೆಯುವ ಗುಣ ಅದು. ಮ್ಯೂನಿಕ್ಕಿನ ವ್ಯಾಜ್ಯ ಹುಟ್ಟಿದ್ದು ಈ ಎರಡನೆಯ ಗುಣದ ಸಂಬಂಧವಾಗಿ.

ಪೇಟೆಂಟು ಎಂದರೇನೆಂಬುದನ್ನು ಇಲ್ಲಿ ಒಂದಿಷ್ಟು ವಿವರಿಸುವುದು ಅಗತ್ಯ. ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಲೋಕಕ್ಕೆ ಬರೆದು ತಿಳಿಸಬೇಕು. ಅದಕ್ಕೆ ಪ್ರತಿಯಾಗಿ, ಇಂದಿನ ಲೆಕ್ಕದಲ್ಲಿ ಇಪ್ಪತ್ತು ವರ್ಷಗಳ ಕಾಲ, ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ವ್ಯಾಪಾರಕ್ಕಾಗಿ ಬಳಸದಂತೆ ಸರ್ಕಾರ ತಡೆಯುತ್ತದೆ. ಪೇಟೆಂಟಿನ ಪತ್ರ ಎಷ್ಟೇ ಉದ್ದವಿರಲಿ, ಅದರ ಜೀವವಿರುವುದು ಕೊನೆಯಲ್ಲಿ ಬರುವ 'ಕ್ಲೇಮು'ಗಳಲ್ಲಿ. ನಮ್ಮ ಜಮೀನಿನ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆಯುವುದಿಲ್ಲವೆ? ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ ಎಂದು ನಾಲ್ಕು ದಿಕ್ಕಿನ ಎಲ್ಲೆ ಕಟ್ಟಿಕೊಡುವುದು ಅದೇ. ಕ್ಲೇಮೆಂದರೆ ಅರಿವಿನ ಚಕ್ಕುಬಂದಿ. ಅದರೊಳಗೆ ಬಿದ್ದದ್ದು ಒಡೆಯನದು, ಹೊರಗುಳಿದದ್ದು ಊರಿನದು. ಆದಕಾರಣ ಪೇಟೆಂಟಿನ ವ್ಯಾಜ್ಯಗಳಲ್ಲಿ ವಾದವೆಲ್ಲ ಈ ಎಲ್ಲೆಗಳ ಸುತ್ತಲೇ ನಡೆಯುತ್ತದೆ.

ಡಬ್ಲ್ಯು. ಆರ್. ಗ್ರೇಸ್ ಎಂಬ ಅಮೆರಿಕದ ಕಂಪೆನಿಯೂ ಅಮೆರಿಕ ಸರ್ಕಾರದ ಕೃಷಿ ಇಲಾಖೆಯೂ ಕೂಡಿ 1990ರ ಡಿಸೆಂಬರಿನಲ್ಲಿ ಯೂರೋಪಿನ ಪೇಟೆಂಟು ಕಚೇರಿಗೆ ಒಂದು ಅರ್ಜಿ ಹಾಕಿದವು. 1994ರ ಸೆಪ್ಟೆಂಬರಿನಲ್ಲಿ ಅವಕ್ಕೆ 0436257ನೆಯ ಸಂಖ್ಯೆಯ ಪೇಟೆಂಟು ದೊರೆಯಿತು. ಅದರ ಮೊದಲ ಕ್ಲೇಮಿನ ತಾತ್ಪರ್ಯ ಹೀಗಿದೆ: ಅಜಡಿರಾಕ್ಟಿನ್ ಬಹುಮಟ್ಟಿಗೆ ಇಲ್ಲದಂತೆ ತೆಗೆದ, ನೀರಿಗೊಗ್ಗದ ಬೇವಿನೆಣ್ಣೆ ನೂರಕ್ಕೆ 0.1ರಿಂದ 10 ಪಾಲು. ಎಣ್ಣೆಯನ್ನು ನೀರಿನೊಡನೆ ಬೆರೆಯುವಂತೆ ಮಾಡುವ, ಸಾಬೂನಿನ ಗುಣದ ಪದಾರ್ಥ 0.005ರಿಂದ 5 ಪಾಲು. ಉಳಿದಂತೆ 99 ಪಾಲಿನವರೆಗೆ ನೀರು. ಈ ಮಿಶ್ರಣವನ್ನು ಶಿಲೀಂಧ್ರಕ್ಕೆ ಸೋಕಿಸಿ ಗಿಡಗಳ ಮೇಲೆ ಅದನ್ನು ಹತೋಟಿಗೆ ತರುವ ವಿಧಾನ.

ಇದನ್ನು ಓದಿದ ನಮ್ಮ ಕಡೆಯ ರೈತ, 'ಬೇವಿನೆಣ್ಣೆಗೆ ಸಾಬೂನು ನೀರು ಕಲಸಿ ಎರಚುವುದಕ್ಕೆ ಇಷ್ಟೊಂದು ಮಾತೆ?' ಎಂದು ನಕ್ಕಾನು. ಅವನ ನಗುವಿನಲ್ಲಿ ಸತ್ಯವಿದೆ. ಆದರೂ ಎದುರುಪಕ್ಷದ ಮಾತನ್ನು ನ್ಯಾಯವಾಗಿ ಕೇಳಬೇಕು. ನಮ್ಮ ಗಾಣದೆಣ್ಣೆಯಲ್ಲಿ ಅಜಡಿರಾಕ್ಟಿನ್ನಿನ ಅಂಶವೂ ಇರುತ್ತದೆ. ಗ್ರೇಸ್ ಕಂಪೆನಿ ಹೇಳಿದ ಎಣ್ಣೆ ಗಾಣದ್ದಲ್ಲ. ಒಣಗಿದ ಬೀಜವನ್ನು ಪುಡಿಮಾಡಿ ಹೆಕ್ಸೇನಿನಂಥ ದ್ರಾವಕದಲ್ಲಿ ನೆನೆಸಿ, ಎಣ್ಣೆ ಅದರೊಳಗೆ ಇಳಿದ ಮೇಲೆ ದ್ರಾವಕವನ್ನು ಹಾರಿಸಿ ಪಡೆದದ್ದು. ಮರ ನಮ್ಮದಲ್ಲ, ಎಲೆಯೂ ನಮ್ಮದಲ್ಲ, ಈ ಎಣ್ಣೆಯನ್ನು ಈ ಪ್ರಮಾಣದಲ್ಲಿ ಈ ಕೆಲಸಕ್ಕೆ ಬಳಸುವ ಕ್ರಮವಷ್ಟೇ ನಮ್ಮದು ಎಂಬುದು ಅವರ ವಾದದ ಸಾರ. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಯೂರೋಪಿನಲ್ಲಿ ಕೊಟ್ಟ ಪೇಟೆಂಟು ಗುಂಡ್ಲುಪೇಟೆಯ ಹೊಲದಲ್ಲಿ ಎಣ್ಣೆ ಎರಚುವವನನ್ನು ತಡೆಯಲಾರದು; ಅದು ಸಲ್ಲುವುದು ಅಲ್ಲಿನ ದೇಶಗಳಲ್ಲಿ ಮಾತ್ರ.

ಹಾಗಿದ್ದರೆ ನಮ್ಮ ರೈತರಿಗೆ ಕಳವಳವೇಕೆ? ಅದಕ್ಕೆ ಆ ಕಾಲದ ಹಿನ್ನೆಲೆಯನ್ನು ನೆನೆಯಬೇಕು. ಗ್ಯಾಟ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್ಥರ್ ಡಂಕೆಲ್ ಅವರ ಹೆಸರಿನ ಕರಡು ಒಪ್ಪಂದ, ಎಲ್ಲ ದೇಶಗಳೂ ತಮ್ಮ ಪೇಟೆಂಟು ಕಾನೂನನ್ನು ಒಂದೇ ಅಚ್ಚಿಗೆ ಹೊಂದಿಸಿಕೊಳ್ಳಬೇಕೆಂದು ವಿಧಿಸುತ್ತಿತ್ತು. ಅದೇ ಕಾಲದಲ್ಲಿ ಗ್ರೇಸ್ ಕಂಪೆನಿ ಬೆಂಗಳೂರಿನ ಪಿ. ಜೆ. ಮಾರ್ಗೊ ಎಂಬ ಸಂಸ್ಥೆಯೊಡನೆ ಕೂಡಿ ತುಮಕೂರಿನಲ್ಲಿ ಬೇವಿನ ಬೀಜವನ್ನು ಸಂಸ್ಕರಿಸುವ ಕಾರ್ಖಾನೆಯನ್ನೂ ನಡೆಸತೊಡಗಿತ್ತು. ಬೇವಿನ ಬೀಜಕ್ಕೆ ಬಂದದ್ದು ನಾಳೆ ಬಿತ್ತನೆ ಬೀಜಕ್ಕೂ ಬರುವುದೆಂಬ ಭಯ ಹಳ್ಳಿಗಳಲ್ಲಿ ಹಬ್ಬಿತು.

ಆ ಭಯಕ್ಕೆ ಭಾಷೆ ಕೊಟ್ಟವರು ಕರ್ನಾಟಕ ರಾಜ್ಯ ರೈತಸಂಘದ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು. ಅವರು ಕಾನೂನು ಕಲಿಸಿದ ಮೇಷ್ಟರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಚಕ್ಕುಬಂದಿಯ ಮಾತು ಎಷ್ಟು ಹರಿತವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ರೈತರು ನುಗ್ಗಿ ಕಾಗದಪತ್ರಗಳನ್ನು ಬೀದಿಗೆಸೆದದ್ದು, 1993ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಅದೇ ಕಂಪೆನಿ ಕಟ್ಟಿಸುತ್ತಿದ್ದ ಬೀಜದ ಘಟಕವನ್ನು ಕೆಡವಿದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಮಾರ್ಗದ ಸರಿತಪ್ಪುಗಳ ಬಗ್ಗೆ ಆಗಲೂ ಭಿನ್ನಾಭಿಪ್ರಾಯವಿತ್ತು, ಈಗಲೂ ಇದೆ. ಆದರೆ 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಲಕ್ಷಾಂತರ ರೈತರು ನೆರೆದ ಬೀಜ ಸತ್ಯಾಗ್ರಹದ ಸಭೆಗೆ ನಮ್ಮ ಗುಂಡ್ಲುಪೇಟೆ, ಚಾಮರಾಜನಗರಗಳಿಂದ ಹಸಿರು ಶಾಲು ಹೊದ್ದು, ಬುತ್ತಿ ಕಟ್ಟಿಕೊಂಡು ಲಾರಿ ಹತ್ತಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಸಹಿ ಹಾಕಲು ಬಾರದವರೂ ಇದ್ದರು. ಅವರ ಬಾಯಲ್ಲಿ ಡಂಕೆಲ್ ಎಂಬ ಹೆಸರು ಊರಿನ ಪಟೇಲನ ಹೆಸರಿನಷ್ಟು ಸಲೀಸಾಗಿ ಓಡಾಡುತ್ತಿತ್ತು.

ಬೇವಿನ ಪೇಟೆಂಟಿನ ವಿರುದ್ಧ ವ್ಯಾಜ್ಯ ಹೂಡಿದ್ದು ಭಾರತ ಸರ್ಕಾರ ಎಂದು ಎಷ್ಟೋ ಕಡೆ ಬರೆದಿರುವುದನ್ನು ಓದಿದ್ದೇನೆ. ಅದು ಸರಿಯಲ್ಲ. 1995ರ ಜೂನಿನಲ್ಲಿ ಮ್ಯೂನಿಕ್ಕಿನಲ್ಲಿ ಆಕ್ಷೇಪಣೆ ಸಲ್ಲಿಸಿದವರು ಮೂರು ಪಕ್ಷದವರು: ಯೂರೋಪಿನ ಪಾರ್ಲಿಮೆಂಟಿನ ಹಸಿರು ಪಕ್ಷದ ಮಾಗ್ದಾ ಆಲ್‌ವೂಟ್, ನಮ್ಮ ದೇಶದ ವಂದನಾ ಶಿವ, ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. ಈ ಒಕ್ಕೂಟದ ಪರವಾಗಿ ದುಡಿದವರು ಲಿಂಡಾ ಬುಲ್ಲಾರ್ಡ್ ಎಂಬಾಕೆ. ಹೀಗೆ ಮೂವರು ಹೆಂಗಸರು ಒಂದು ಕಡೆ, ಒಂದು ದೊಡ್ಡ ಕಂಪೆನಿ ಮತ್ತು ಒಂದು ಪ್ರಬಲ ದೇಶದ ಸರ್ಕಾರ ಇನ್ನೊಂದು ಕಡೆ. ವಾದ ಮಂಡಿಸಿದವರು ಸ್ವಿಟ್ಜರ್ಲೆಂಡಿನ ಕಾನೂನು ಪಂಡಿತ ಫ್ರಿಟ್ಜ್ ಡಾಲ್ಡರ್.

ವಿಚಾರಣೆ 2000ದ ಮೇ 9 ಮತ್ತು 10ರಂದು ನಡೆಯಿತು. ಭಾರತದ ರೈತರ ಪ್ರಮಾಣಪತ್ರಗಳು ಮೊದಲೇ ಸಲ್ಲಿಕೆಯಾಗಿದ್ದವು. ಆದರೆ ಅಂದು ತೂಕವಾಗಿ ಬಿದ್ದದ್ದು ಅಭಯ್ ಫಡ್ಕೆ ಎಂಬ ಮಹಾರಾಷ್ಟ್ರದ ಕಾರ್ಖಾನೆದಾರರ ಸಾಕ್ಷ್ಯ. ಅಮೆರಿಕದವರು ಅರ್ಜಿ ಹಾಕುವುದಕ್ಕೆ ವರ್ಷಗಳ ಮುಂಚೆಯೇ ತಾವು ಇಂಥದೇ ರೀತಿಯಲ್ಲಿ ಬೇವಿನೆಣ್ಣೆ ತೆಗೆದು, ರೈತರ ಹೊಲಗಳಲ್ಲಿ ಅದನ್ನು ಪ್ರಯೋಗಿಸಿದ್ದುದನ್ನು ಅವರು ವಿವರಿಸಿದರು. ಯಾವ ಊರು, ಯಾವ ವರ್ಷ, ಯಾವ ಬಗೆಯ ಎಣ್ಣೆ ಎಂದು ಕೇಳಿದ ಪ್ರಶ್ನೆಗಳಿಗೆ ಅವರ ಬಳಿ ಉತ್ತರವಿತ್ತು. ಮೇ 10ರಂದು ಪೇಟೆಂಟು ರದ್ದಾಯಿತು.

ಪೇಟೆಂಟಿನ ಒಡೆತನದ ಪಕ್ಷ ಸುಮ್ಮನಾಗಲಿಲ್ಲ. ಲಿಖಿತ ತೀರ್ಪು 2001ರಲ್ಲಿ ಕೈಗೆ ಬಂದ ಮೇಲೆ ಮೇಲ್ಮನವಿ ಹೂಡಿತು. ಟಿ 416/01 ಎಂಬುದು ಅದರ ಸಂಖ್ಯೆ. ಮತ್ತೆ ನಾಲ್ಕು ವರ್ಷ ಕಳೆದವು. 2005ರ ಮಾರ್ಚ್ 8ರಂದು ಮೇಲ್ಮನವಿಯ ಮಂಡಲಿ ಮನವಿಯನ್ನು ವಜಾ ಮಾಡಿತು. ಅದಕ್ಕೆ ಮೇಲೆ ಇನ್ನೊಂದು ಮೆಟ್ಟಿಲಿರಲಿಲ್ಲ. ಆ ದಿನ ಅಂತರರಾಷ್ಟ್ರೀಯ ಮಹಿಳಾ ದಿನವೂ ಆಗಿದ್ದುದು ಆಕಸ್ಮಿಕವಾದರೂ ನೆನಪಿನಲ್ಲಿ ಉಳಿಯುವಂಥದು. ನಂಜುಂಡಸ್ವಾಮಿಯವರು ಮಾತ್ರ ಆ ಸುದ್ದಿಯನ್ನು ಕೇಳಲು ಉಳಿದಿರಲಿಲ್ಲ. 2004ರ ಫೆಬ್ರವರಿ 3ರಂದೇ ತೀರಿಕೊಂಡಿದ್ದರು. ಚಾಮರಾಜನಗರ ಜಿಲ್ಲೆಯ ಹೊಂಡರಬಾಳಿನ ಬಳಿ, ಬಿಳಿಗಿರಿರಂಗನ ಬೆಟ್ಟದ ಸೆರಗಿನಲ್ಲಿ, ಅವರು ಕನಸು ಕಂಡ ಅಮೃತಭೂಮಿ ಇದೆ. ನಾಟಿ ಬೀಜಗಳನ್ನು ಕಾಪಾಡುವ, ರೈತರೇ ರೈತರಿಗೆ ಕಲಿಸುವ ನೆಲೆ ಅದು.

ಈ ಗೆಲುವನ್ನು ನಮ್ಮ ಅಜ್ಜಿಯರ ಗೆಲುವೆಂದು ಬಣ್ಣಿಸುವುದು ವಾಡಿಕೆ. ಕೇಳಲು ಹಿತವಾದ ಮಾತು. ಆದರೆ ವ್ಯಾಜ್ಯದ ನಡೆಯನ್ನು ನಿಧಾನವಾಗಿ ನೋಡಿದರೆ ಪೇಟೆಂಟನ್ನು ಉರುಳಿಸಿದ್ದು ನಮ್ಮ ಅಜ್ಜಿ ಗುಡಾಣಕ್ಕೆ ಹಾಕಿದ ಬೇವಿನೆಲೆಯಲ್ಲ. ನ್ಯಾಯಪೀಠಕ್ಕೆ ಬೇಕಾದದ್ದು ದಿನಾಂಕ, ಸ್ಥಳ, ಪ್ರಮಾಣ. ಕ್ಲೇಮಿನ ಒಂದೊಂದು ಎಲ್ಲೆಗಲ್ಲಿಗೂ ಎದುರಾಗಿ, ಇದೇ ಜಾಗದಲ್ಲಿ ನಾವು ಮೊದಲೇ ಉತ್ತಿದ್ದೆವೆಂದು ತೋರಿಸುವ ಗುರುತು. ಕಾರ್ಖಾನೆದಾರರ ಬಳಿ ಆ ಗುರುತುಗಳಿದ್ದವು. ನಮ್ಮ ಅಜ್ಜಿಯ ಬಳಿ ಇದ್ದದ್ದು ಅರಿವು ಮಾತ್ರ.

ಅಮೆರಿಕದ ಕಾನೂನು ಇನ್ನೂ ಬಿಗಿಯಾಗಿತ್ತು. ಪರದೇಶಗಳಲ್ಲಿ ಜನ ಒಂದು ವಿಷಯವನ್ನು ಅರಿತಿದ್ದರು, ಬಳಸುತ್ತಿದ್ದರು ಎಂದರೆ ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪೇಟೆಂಟಿನಲ್ಲೋ ಅಚ್ಚಾದ ಬರಹದಲ್ಲೋ ಇದ್ದರೆ ಮಾತ್ರ ಸಾಕ್ಷಿ. ಈ ಭೇದ ತೊಲಗಿದ್ದು 2011ರಲ್ಲಿ ಅಂಗೀಕಾರವಾಗಿ 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ. ನಮ್ಮ ಗುಂಡ್ಲುಪೇಟೆಯ ಮುಖ್ಯ ಬೆಳೆಯಾದ ಅರಿಸಿನದ ಕಥೆ ಇದಕ್ಕೆ ನಿದರ್ಶನ. ಗಾಯಕ್ಕೆ ಅರಿಸಿನ ಹಚ್ಚುವ ಕ್ರಮಕ್ಕೆ 1995ರ ಮಾರ್ಚಿನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟು ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ 1996ರಲ್ಲಿ ಮರುಪರಿಶೀಲನೆ ಕೋರಿತು. ಕೋಟ್ಯಂತರ ಮನೆಗಳ ಅಡುಗೆಮನೆಯಲ್ಲಿ ದಿನವೂ ನಡೆಯುವ ಸಂಗತಿಯನ್ನು ಸ್ಥಾಪಿಸಲು ಅದು ಮಂಡಿಸಿದ್ದು ಮೂವತ್ತೆರಡು ಬರಹಗಳನ್ನು. ಅವುಗಳಲ್ಲಿ ಸಂಸ್ಕೃತದ ಹಳೆಯ ಗ್ರಂಥಗಳೂ 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ ಇದ್ದವು. 1997ರ ಆಗಸ್ಟಿನಲ್ಲಿ ಕ್ಲೇಮುಗಳು ತಿರಸ್ಕೃತವಾದವು. ಅರಿಸಿನ ಗೆದ್ದದ್ದು ಅದು ಪುಸ್ತಕದಲ್ಲಿ ಇದ್ದುದರಿಂದ. ಬೇವಿನ ವಿಷಯದಲ್ಲಿ ಮ್ಯೂನಿಕ್ಕಿನ ತೀರ್ಪು ಅಮೆರಿಕದ ಪೇಟೆಂಟುಗಳನ್ನು ಮುಟ್ಟಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಪರಿಚಿತವಾದ ಸಂಕಟ. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಲೆಮಾರುಗಳಿಂದ ರಾತ್ರಿಯಿಡೀ ಹಾಡಿಕೊಂಡು ಬಂದಿದ್ದರೂ, ಅವು ಅಚ್ಚಾಗುವವರೆಗೆ ನಮ್ಮ ವಿಶ್ವವಿದ್ಯಾಲಯಗಳ ಪಾಲಿಗೆ ಕಾವ್ಯಗಳಾಗಿರಲಿಲ್ಲ. ಬರಹವಿಲ್ಲದ್ದನ್ನು ಇಲ್ಲವೆಂದು ತಿಳಿಯುವ ರೂಢಿ ಮ್ಯೂನಿಕ್ಕಿನಲ್ಲಿ ಹುಟ್ಟಿದ್ದೆಂದು ನಾವು ಹೇಳುವಂತಿಲ್ಲ. ಇನ್ನೊಂದು ಬಗೆಯ ಮರೆವೂ ನಮಗಿದೆ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ, ಚಾಳುಕ್ಯ ಜಯಸಿಂಹನ ಕಾಲದಲ್ಲಿ ಬದುಕಿದ್ದ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿ, ಅದರಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಗಿಡಮರಗಳ ರೋಗಕ್ಕೆ ಮದ್ದು ಹೇಳುವ ಇಂಥ ಕೃತಿ ಸಾವಿರ ವರ್ಷಗಳ ಹಿಂದೆಯೇ ನಮ್ಮ ಭಾಷೆಯಲ್ಲಿತ್ತು. ಅದು ಇಂಗ್ಲಿಷಿಗೆ ಬಂದದ್ದು 2006ರಲ್ಲಿ, ಮ್ಯೂನಿಕ್ಕಿನ ತೀರ್ಪಿನ ಮರುವರ್ಷ. ಎಂ.ಎ. ತರಗತಿಯಲ್ಲಿ ನಾವು ಅದರ ಹೆಸರನ್ನೂ ಕಾಲವನ್ನೂ ಉರುಹಚ್ಚಿದೆವು. ಒಳಗೇನಿದೆಯೆಂದು ತೆರೆದು ನೋಡಿದವರು ಕಡಿಮೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದ ನಡುಗಾಲ. ಆಗ ತಾನೇ ಅಧ್ಯಾಪಕನಾಗಿದ್ದ ನಾನು ಜನಪದ ಗೀತೆಗಳ ಸಂಗ್ರಹಕ್ಕೆಂದು ಟೇಪ್ ರೆಕಾರ್ಡರ್ ಹೆಗಲಿಗೇರಿಸಿಕೊಂಡು ಹಳ್ಳಿಗಳನ್ನು ಸುತ್ತುತ್ತಿದ್ದೆ. ತೆರಕಣಾಂಬಿಯ ಕಡೆಯ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನಗೆ ಸೋಬಾನೆ ಪದಗಳನ್ನು ಹಾಡಿಕೊಟ್ಟರು. ಹಾಡುತ್ತಲೇ ಒರಳಿನಲ್ಲಿ ಬೇವಿನ ಬೀಜ ಕುಟ್ಟುತ್ತಿದ್ದರು. ಪದ ಮುಗಿದ ಮೇಲೆ, ಅದನ್ನು ಎಷ್ಟು ನೀರಿಗೆ ಎಷ್ಟು ಹಾಕಬೇಕು, ಎಷ್ಟು ಹೊತ್ತು ನೆನೆಯಬೇಕು, ಯಾವ ಹೊತ್ತಿನಲ್ಲಿ ಬದನೆಯ ಗಿಡಕ್ಕೆ ಎರಚಬೇಕು, ಎಲೆಗೆ ಬೂದಿ ಹತ್ತಿದ್ದರೆ ಜತೆಗೆ ಇನ್ನೇನು ಸೇರಿಸಬೇಕು ಎಂದು ತಾವಾಗಿಯೇ ಹೇಳತೊಡಗಿದರು. ಟೇಪು ವ್ಯರ್ಥವಾದೀತೆಂದು ನಾನು ಯಂತ್ರವನ್ನು ನಿಲ್ಲಿಸಿದೆ. ಅವರು ಅದನ್ನು ಗಮನಿಸಿದರು. 'ಪದವ ಬರ್ಕಂಡ್ರಲ್ಲ ಮೇಷ್ಟ್ರೇ, ಇದ ಬರ್ಕಳದಿಲ್ವ?' ಎಂದರು. ನಾನು ನಕ್ಕು ಸುಮ್ಮನಾದೆ. ಆ ಸೋಬಾನೆ ಪದಗಳು ಮುಂದೆ ಅಚ್ಚಾದವು. ಬೂದಿ ಹತ್ತಿದ ಎಲೆಗೆ ಅವರು ಹೇಳಿದ ಆ ಇನ್ನೊಂದು ಪದಾರ್ಥ ಯಾವುದೆಂಬುದು ನನಗೆ ಇಂದಿಗೂ ನೆನಪಿಗೆ ಬರುತ್ತಿಲ್ಲ. ಮ್ಯೂನಿಕ್ಕಿನ ತೀರ್ಪನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಒರಳಿನ ಸದ್ದು.

ಕಾನೂನು ಈಚೆಗೆ ಒಂದು ಹೆಜ್ಜೆ ನಮ್ಮ ಕಡೆಗೆ ಬಂದಿದೆ. 1970ರ ಭಾರತದ ಪೇಟೆಂಟು ಅಧಿನಿಯಮಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಪರಂಪರೆಯಿಂದ ಬಂದ ಅರಿವನ್ನೇ ಹೊಸದೆಂದು ತೋರಿಸಿದರೆ ಅದಕ್ಕೆ ಪೇಟೆಂಟು ಸಲ್ಲದು. ಯಾವುದೇ ಸ್ಥಳೀಯ ಸಮುದಾಯದಲ್ಲಿ, ಬಾಯಿಮಾತಿನಲ್ಲಾದರೂ ಸರಿ, ಮೊದಲೇ ಇದ್ದ ತಿಳಿವಳಿಕೆಯನ್ನು ಆಧಾರ ಮಾಡಿಕೊಂಡು ಆಕ್ಷೇಪಣೆ ಎತ್ತಲೂ ಅವಕಾಶವಿದೆ. ಪರಂಪರೆಯ ವೈದ್ಯದ ಅರಿವನ್ನು ವಿದೇಶಿ ಭಾಷೆಗಳಲ್ಲಿ ದಾಖಲಿಸುವ ಕೆಲಸ 2001ರಲ್ಲಿ ಆರಂಭವಾಯಿತು. 2009ರಲ್ಲಿ ಯೂರೋಪಿನ ಪೇಟೆಂಟು ಕಚೇರಿಗೂ ಅದನ್ನು ನೋಡುವ ಅನುಮತಿ ದೊರೆಯಿತು. 2002ರ ಜೀವವೈವಿಧ್ಯ ಕಾನೂನು, ಊರೂರಿನ ಸಮಿತಿಗಳು ತಮ್ಮ ಸೀಮೆಯ ಗಿಡಮರಗಳನ್ನೂ ಅವುಗಳ ಬಳಕೆಯ ತಿಳಿವಳಿಕೆಯನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು ಹೇಳುತ್ತದೆ.

ಬಾಯಿಮಾತನ್ನು ಕಾನೂನು ಒಪ್ಪಿಕೊಂಡ ಕಾಲಕ್ಕೆ ಆ ಮಾತನ್ನಾಡುವ ಬಾಯಿಗಳು ಒಂದೊಂದಾಗಿ ಮೌನವಾಗುತ್ತಿವೆ. ಪಂಚಾಯಿತಿಯ ದಾಖಲೆ ಪುಸ್ತಕವನ್ನು ತುಂಬಿಸುವ ಕೆಲಸ ಗುಮಾಸ್ತರೊಬ್ಬರಿಂದ ಆಗುವಂಥದಲ್ಲ. ಹಳ್ಳಿಯ ಮಾತನ್ನು ಅದರ ಬನಿಯೊಡನೆ ಹಿಡಿಯಬಲ್ಲವರು, ಪದ ಬರೆದುಕೊಂಡು ಪಳಗಿದವರು, ನಮ್ಮ ಕನ್ನಡದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದಕ್ಕೆ ಕೈಗೂಡಿಸಬೇಕು. ನಿವೃತ್ತನಾದ ಮೇಲೆ ನಾನೂ ಒಂದು ನೋಟುಪುಸ್ತಕ ಹಿಡಿದು ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಮತ್ತೆ ಹೋಗತೊಡಗಿದ್ದೇನೆ. ಹೇಳಿದವರ ಹೆಸರು, ಊರು, ದಿನ, ಅಳತೆ ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ತೆರಕಣಾಂಬಿಯ ಕಡೆಯ ಆ ಮನೆಗೂ ಹೋಗಿದ್ದೆ. ಅಜ್ಜಿ ತೀರಿಕೊಂಡು ವರ್ಷಗಳಾಗಿವೆ. ಒರಳು ಹಿತ್ತಿಲಲ್ಲಿ ಇತ್ತು. ಅವರ ಮೊಮ್ಮಗಳು, ಅಜ್ಜಿ ಹೇಳುತ್ತಿದ್ದುದರಲ್ಲಿ ಅರ್ಧದಷ್ಟು ತನಗೆ ನೆನಪಿದೆಯೆಂದಳು. ಆ ಅರ್ಧವನ್ನು ಬರೆದುಕೊಂಡು ಬಂದೆ.